ನಜೀರಣ್ಣನ ಅಂಗಡಿಗೆ ಕೊಂಡೊಯ್ದ ಚೆಂಡು

ಗುಂಡ್ಲುಪೇಟೆಯ ಆಟದ ಮೈದಾನಕ್ಕೆ ನಜೀರಣ್ಣನ ಹೆಸರಿಡುತ್ತೇವೆ ಎಂದರು ಪುರಸಭೆಯವರು, ಇಡಲಿಲ್ಲ. ಗೋಲಿಗೆ ಕಬ್ಬಿಣದ ಕಂಬ ನೆಡುತ್ತೇವೆ ಎಂದರು, ನೆಡಲಿಲ್ಲ. ಮೈದಾನವನ್ನು ಆಟಕ್ಕೇ ಬಿಡುತ್ತೇವೆ ಎಂದರು, ಈಗ ಸುತ್ತ ತಂತಿಬೇಲಿ ಹಾಕಿದ್ದಾರೆ.

ನಿನ್ನೆ ಆ ಬೇಲಿ ನೋಡಿಕೊಂಡು ಬರುವಾಗ ಯಾವುದೋ ಪಂಕ್ಚರ್ ಅಂಗಡಿಯಿಂದ ಪ್ಯಾಚ್ ಅಂಟಿಸುವ ಸೊಲ್ಯೂಷನ್ ವಾಸನೆ ಬಂತು. ಕಾಲು ಅಲ್ಲೇ ನಿಂತಿತು.

ನಜೀರಣ್ಣ ನಮ್ಮೂರ ಫುಟ್‌ಬಾಲ್ ತಂಡದ ಫಾರ್ವರ್ಡ್ ಆಗಿದ್ದ. ಮಂಡಿ ಹೋದಮೇಲೆ ಆಟ ಬಿಟ್ಟು ಸೈಕಲ್ ಶಾಪ್ ಇಟ್ಟ. ತಂಡದ ಚೆಂಡು ತೂತಾದರೆ ಪ್ಯಾಚ್ ಹಾಕುವವನು ಅವನೇ. "ಗಾಳಿ ನಾನ್ ತುಂಬ್ತೀನಿ, ಗೋಲಾದ್ರೂ ನೀವ್ ಒಡೀರ್ಲಾ" ಎಂದು ಆಟಗಾರರನ್ನು ಹಂಗಿಸುತ್ತಿದ್ದ.

ನಾನು ಚಿಕ್ಕವಳಿದ್ದಾಗ ಅವನು ಸತ್ತ. ಸತ್ತ ವಾರಕ್ಕೆ ತಂಡದವರು ಅವನ ನೆನಪಿಗೆ ಮ್ಯಾಚ್ ಇಟ್ಟರು. ಯಾರೂ ಕೂಗಲಿಲ್ಲ, ಶಿಳ್ಳೆ ಹಾಕಲಿಲ್ಲ. ಅರ್ಧ ಆಟದಲ್ಲಿ ಜಾಲಿಮುಳ್ಳು ಚುಚ್ಚಿ ಚೆಂಡಿನ ಗಾಳಿ ಹೋಯಿತು. ಅಪ್ಪ ಅದನ್ನು ನನ್ನ ಕೈಗಿಟ್ಟು, "ಬಿರ್ನೆ ಓಗು ಕಣಮ್ಮಿ, ನಜೀರಣ್ಣನ ಅಂಗ್ಡೀಲಿ ಪ್ಯಾಚ್ ಆಕುಸ್ಕೊಂಡ್ ಬಾ" ಎಂದ. ಸುತ್ತ ನಿಂತಿದ್ದ ಒಬ್ಬರೂ ತಡೆಯಲಿಲ್ಲ. ನಾನೂ ಓಡಿದೆ. ಅಂಗಡಿಯ ಹಲಗೆಬಾಗಿಲು ಮುಚ್ಚಿತ್ತು. ತಟ್ಟಲು ಕೈ ಎತ್ತಿದಾಗ ನೆನಪಾಯಿತು.

ವಾಪಸ್ ಬಂದಾಗ ಅಪ್ಪ ಚೆಂಡು ಇಸಕೊಂಡ, ನನ್ನ ಮುಖ ನೋಡಲಿಲ್ಲ. "ಕತ್ಲಾಗಗಂಟ ಇಲ್ಲೇ ಕೂರನ ಬುಡ್ರಪ್ಪ" ಎಂದ. ಅಷ್ಟೂ ಜನ ಮೈದಾನದಲ್ಲೇ ಕೂತರು. ಯಾರೂ ಅಳಲಿಲ್ಲ.

ಅವರು ಕೂತಿದ್ದ ಮಣ್ಣಿಗೆ ಈಗ ಬೇಲಿ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದ ತಪ್ಪು ನಮ್ಮದೂ ಹೌದು. ಚೆಂಡು ನಾನು ತರುತ್ತೇನೆ. ಮೈದಾನ ಉಳಿಸಿಕೊಳ್ಳಲು ಊರವರೆಲ್ಲ ಸೇರುವ ಸಭೆ ಭಾನುವಾರ ಸಂಜೆ ನಾಲ್ಕು ಗಂಟೆಗೆ, ಬೇಲಿಯ ಒಳಗೆ.