ಇನ್‌ಬಾಕ್ಸ್ ತುಂಬ ನಾಯಕರು

ಕಳೆದ ವಾರ ಮಲ್ಲಾಪುರದ ಟೌನ್‌ಶಿಪ್ ಗೇಟಿನ ಎದುರು ನಿಂತು ನನ್ನ ಫೋನಿಗೆ ಬೈದಷ್ಟು ನಾನು ನೆಂಟರಿಗೂ ಬೈದವನಲ್ಲ.

ಅಕ್ಕನ ಮಗಳು ಸಂಧ್ಯಾಗೆ ಒಳಗಿನ ಶಾಲೆಯಲ್ಲಿ ಟೀಚರ್ ಕೆಲಸದ ಇಂಟರ್‌ವ್ಯೂ. ಒಳಗೆ ಬಿಡಬೇಕಾದರೆ ಇಮೇಲಿನಲ್ಲಿ ಬಂದ ಗೇಟ್ ಪಾಸ್ ತೋರಿಸಬೇಕು. ಅದು ಬಂದದ್ದು ಅವಳ ಇಮೇಲಿಗಲ್ಲ, ನನ್ನದಕ್ಕೆ. ಈ ಶುಭ ಸಮಾಚಾರವನ್ನು ಅವಳು ತಿಳಿಸಿದ್ದು ಗೇಟಿನ ಎದುರಿಗೇ.

“ನಂಗೆ ಪಾಸ್‌ವರ್ಡ್ ಮರ್ತೋಗ್ತದೆ ಮಾವ. ನಿಮ್ದು ಕೊಟ್ರೆ ನೀವು ದಿನಾ ನೋಡ್ತ್ರಿ ಅಂತ ಕೊಟ್ಟೆ.”

(ಅವಳು ಕಲಿಸಬೇಕಾದ ವಿಷಯ ಕಂಪ್ಯೂಟರ್.)

ಅವಳೊಬ್ಬಳನ್ನೇ ಬೈದು ಏನು ಪ್ರಯೋಜನ? ‘ಇಮೇಲ್’ ಎಂಬ ಕಾಲಂ ಕಂಡರೆ ನಮ್ಮ ಬಳಗದವರೆಲ್ಲ ಬರೆಯುವುದು ನನ್ನದನ್ನೇ. ಬೆಳಂಬಾರದ ದೊಡ್ಡಪ್ಪನ ಗ್ಯಾಸ್, ಚಿಕ್ಕಮ್ಮನ ಕಣ್ಣಿನ ಆಸ್ಪತ್ರೆ, ಭಾವನ ಬೈಕಿನ ಇನ್ಶೂರೆನ್ಸ್, ಯಾರದೋ ಮಗಳಿಗೆ ಗಂಡು ಹುಡುಕುವ ಆ್ಯಪ್, ಎಲ್ಲವೂ ನನ್ನಲ್ಲಿಗೇ ಬಂದು ಬೀಳುತ್ತವೆ.

ಬೀಳಲಿ, ಸರ್ಚ್ ಇದೆಯಲ್ಲ? ಅದೂ ಮೊನ್ನೆಯಷ್ಟೇ ‘ಸುಧಾರಿಸಿದ’ ಸರ್ಚ್. ನಿಮಗೆ ಬೇಕಾದದ್ದನ್ನು ಇನ್ನು ನಾವೇ ಮೊದಲು ತೋರಿಸುತ್ತೇವೆ ಎಂದು ಅಪ್‌ಡೇಟ್ ಆದಾಗ ಕೊಚ್ಚಿಕೊಂಡಿತ್ತು.

ಅವಳ ಅಡ್ಡಹೆಸರು ‘ನಾಯಕ’ ಎಂದು ಟೈಪಿಸಿದೆ. ಅಂಕೋಲೆಯವನೊಬ್ಬ ತನ್ನ ಇನ್‌ಬಾಕ್ಸಿನಲ್ಲಿ ನಾಯಕ ಎಂದು ಹುಡುಕುವುದು ಉಪ್ಪಿನಾಗರದಲ್ಲಿ ನಿಂತು ಉಪ್ಪೆಲ್ಲಿ ಎಂದ ಹಾಗೆ. ಮೇಲ್ ಕಳಿಸಿದವರು ನಾಯಕ, ಪಡೆದವರು ನಾಯಕ, ನಡುವೆ ಸಿಕ್ಕಿದವರೂ ನಾಯಕ. ‘ಸಂಧ್ಯಾ ನಾಯಕ’ ಎಂದೆ. ನಮ್ಮಲ್ಲಿ ಸಂಧ್ಯಾಗಳಿಗೂ ಬರವಿಲ್ಲ. ‘ಗೇಟ್’ ಎಂದೆ. ಭಾವನ ಮನೆಯ ಕಬ್ಬಿಣದ ಗೇಟಿನ ಕೊಟೇಶನ್ ಬಂತು. ಎಲ್ಲಕ್ಕಿಂತ ಮೇಲೆ, ನನಗೆ ತೀರಾ ಬೇಕಾದದ್ದೆಂದು ಅದು ತೀರ್ಮಾನಿಸಿದ್ದೇನು ಗೊತ್ತೇ? ‘ನಿಮಗೆ ಒಪ್ಪುವ ಅಂಕೋಲೆಯ ವರ.’

(ಹೆಂಡತಿಗೆ ಇನ್ನೂ ಹೇಳಿಲ್ಲ.)

ಹೊತ್ತು ಮೀರುತ್ತಿತ್ತು. ಸಂಧ್ಯಾಳ ಕಣ್ಣು ತುಂಬಿತ್ತು. ಬಿ.ಎಡ್. ಮುಗಿಸಿ ಅಲೆದು ಅಲೆದು ಸಿಕ್ಕ ಮೊದಲ ಕರೆ ಇದು. ಇಲ್ಲಿಂದಲೇ ತಿರುಗಿ ಹೋಗಬೇಕೇ? ನನಗೂ ಸಂಕಟವಾಯಿತು.

“ಪಾಸ್ ಇಲ್ದೆ ಹಾಂಗೇ ಬಿಡೂಕೆ ಆಗೂದಿಲ್ಲ” ಎಂದ ಸೆಕ್ಯುರಿಟಿಯವರು, ನನ್ನ ಪರದಾಟ ನೋಡಲಾರದೆ ಹುಡುಗಿಯ ಹೆಸರು ಕೇಳಿಕೊಂಡು ಮತ್ತೆ ಕೇಳಿದರು, “ನೀವು ಯಾವ ಬದಿ ನಾಯಕ್ರು?”

“ಅಂಕೋಲೆ.”

“ಅಂಕೋಲೇಲಿ ಎಲ್ಲಿ?”

“ಹುಡುಗಿ ಬೆಳಂಬಾರದವಳು.”

“ಎಂತ ಕೆಲ್ಸಕ್ಕೆ ಬಂದದ್ದು?”

“ಕಂಪ್ಯೂಟರ್ ಟೀಚರ್.”

ಶಾಲೆಯ ಆಫೀಸಿಗೆ ಫೋನ್ ಹಚ್ಚಿದರು. “ಬೆಳಂಬಾರದ ಸಂಧ್ಯಾ ನಾಯಕ. ಕಂಪ್ಯೂಟರಿಗೆ. ಹೆಸರು ಉಂಟಾ?”

ಉಂಟಂತೆ. ಅವಳ ಆಧಾರ್ ನೋಡಿ, ಸಹಿ ಹಾಕಿಸಿಕೊಂಡು ಒಳಗೆ ಬಿಟ್ಟರು. ಹುಡುಗಿ ಓಡಿದಳು. ಮಧ್ಯಾಹ್ನ ಹೊರಬಂದಾಗ ಮುಖ ತುಂಬ ನಗು. ಕೆಲಸ ಅವಳಿಗೇ ಎಂದು ಅಲ್ಲೇ ಹೇಳಿ ಕಳಿಸಿದರಂತೆ.

ಅಂಕೋಲೆ ಪೇಟೆಯಲ್ಲಿ ಯಾರನ್ನಾದರೂ ‘ನಾಯಕರ ಮನೆ ಎಲ್ಲಿ’ ಎಂದು ಕೇಳಿ ನೋಡಿ. ಊರಿನ ನಾಯಕರನ್ನೆಲ್ಲ ತಂದು ನಿಮ್ಮ ಮುಂದೆ ಸಾಲಾಗಿ ನಿಲ್ಲಿಸುವುದಿಲ್ಲ. ಮಾಸ್ತರೋ, ಬ್ಯಾಂಕಿನವರೋ ಎಂದು ತಿರುಗಿ ಕೇಳುತ್ತಾರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಾರೆ. ನನ್ನ ಫೋನಿಗೆ ಇವೆರಡು ಬಿಟ್ಟು ಮಿಕ್ಕದ್ದೆಲ್ಲ ಬರುತ್ತದೆ.

ಅಲ್ಲ ಸ್ವಾಮಿ, ನಿಮ್ಮ ಸುಧಾರಣೆಯ ಜಂಬಕ್ಕೆ ನಮ್ಮ ಹುಡುಗಿಯ ಕೆಲಸವೇ ಹೋಗುತ್ತಿತ್ತಲ್ಲ, ತಿರುಗಿ ಒಂದು ಪ್ರಶ್ನೆ ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?