ಒತ್ತು ಅಂದರೆ, ವದ್ದು ಅಂದರೆ

ನಿನ್ನೆ ವಿಶಾಖಪಟ್ಟಣದಲ್ಲಿ ಕಾರಿನ ಎಲೆಕ್ಟ್ರಿಷಿಯನ್ ಡ್ಯಾಶ್‌ಬೋರ್ಡಿನ ಕೆಳಗಿಂದ ಕರಕಾದ ವೈರೊಂದನ್ನು ಎಳೆದು ತೋರಿಸಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎಡಗೈ ತಾನಾಗಿ ಸೆರಗಿನೊಳಗೆ ಹೋಯಿತು. ಸುಟ್ಟ ವೈರು, ಅದರ ಜೊತೆ ಸುಟ್ಟ ಚರ್ಮ... ವಿಜಯವಾಡದ ಭವಾನಿಪುರಂನಲ್ಲಿ ನಮ್ಮ ಮನೆ ಮಾಲೀಕರಾಗಿದ್ದ ಬಾಬಾಯಿ ಕಣ್ಣ ಮುಂದೆ ಬಂದು ನಿಂತರು.

ಬ್ಯಾಂಕಿನವರು ನನ್ನನ್ನು ಹಾಸನದಿಂದ ಎತ್ತಿ ಅಲ್ಲಿಗೆ ಒಗೆದಿದ್ದರು. ಬಾಬಾಯಿ ಅಂದರೆ ತೆಲುಗಿನಲ್ಲಿ ಚಿಕ್ಕಪ್ಪ. ನಾನು ಹಾಗೆ ಕರೆದರೆ, ಬಳ್ಳಾರಿಗೆ ಲಾರಿ ಓಡಿಸುತ್ತಾ ಕನ್ನಡ ಕಲಿತಿದ್ದ ಅವರು ನನ್ನನ್ನು 'ತಂಗೀ' ಅನ್ನುತ್ತಿದ್ದರು. ಸಂಬಂಧದ ಲೆಕ್ಕ ತಪ್ಪಿದ್ದರೂ ನನಗದು ಬಲು ಇಷ್ಟ. ಅವರು ನನ್ನೊಡನೆ ಕನ್ನಡವೇ ಆಡಬೇಕು, ನಾನು ಅವರೊಡನೆ ತೆಲುಗೇ ಆಡಬೇಕು. ಇಬ್ಬರಿಗೂ ಅದೊಂದು ಹಟ. ಸಿಟ್ಟೋ, ಅಬ್ಬಬ್ಬಾ! ಗೇಟಿಗೆ ಅಡ್ಡ ನಿಲ್ಲಿಸಿದ ಆಟೋದ ಗಾಜನ್ನು ಒಂದೇ ಗುದ್ದಿಗೆ ಪುಡಿ ಮಾಡಿ, ರಕ್ತ ಸೋರುವ ಕೈಯಲ್ಲೇ ಕಾಫಿ ಕುಡಿದ ಮನುಷ್ಯ.

ಒಂದು ಸಂಜೆ ಮನೆಯ ತಿರುವಿನಲ್ಲಿ ನಾನು ಬ್ರೇಕ್ ಹಾಕಿದೆ. ಹಿಂದಿನ ದೀಪ ಹತ್ತಲಿಲ್ಲ. ಬೈಕೊಂದು ಬಂದು ಕಾರಿನ ಹಿಂಭಾಗಕ್ಕೆ ಅಪ್ಪಳಿಸಿತು; ಸವಾರನ ಹಲ್ಲು ಮುರಿದು ಬಾಯಿ ತುಂಬ ರಕ್ತ. ಜನ ನನ್ನ ಜುಟ್ಟು ಹಿಡಿದು ಹೊರಗೆಳೆದರು. ಬಾಬಾಯಿ ಜಾಕಿಯ ರಾಡು ಬೀಸುತ್ತಾ ನುಗ್ಗಿ ಬಂದು ಒಬ್ಬನ ಮೊಣಕೈಗೆ ಬಾರಿಸಿದ ಮೇಲೆಯೇ ನನ್ನ ಕೂದಲು ಬಿಟ್ಟದ್ದು. ಆಮೇಲೆ ಅದೇ ರೋಷದಲ್ಲಿ ಆ ಸವಾರನನ್ನು ಆಸ್ಪತ್ರೆಗೆ ಹೊತ್ತೊಯ್ದರು.

ಮರುದಿನ ಬೆಳಿಗ್ಗೆ ಅವರೇ ರಿಪೇರಿಗೆ ಕೂತರು. ಬ್ರೇಕ್ ಒತ್ತಿದ ಕೂಡಲೇ ಫ್ಯೂಸ್ ಸುಟ್ಟು ಹೋಗುತ್ತಿತ್ತು. ಹೊಸದು ಹಾಕಿದರೂ ಅದೇ ಕಥೆ.

"ಎಲ್ಲೋ ವಯರ್ ತಗಡಿಗೆ ತಾಗೈತಿ ತಂಗೀ, ನೀ ಹಿಂದ ಹುಡುಕು. ನೀ ಒತ್ತು ಅಂದ್ರ ಬ್ರೇಕ್ ಒತ್ತತೀನಿ" ಎಂದರು. ಸಿಟ್ಟಿಗೆ ಫ್ಯೂಸನ್ನೇ ಕಿತ್ತೆಸೆದು, ಅದರ ಜಾಗಕ್ಕೆ ದಪ್ಪ ತಾಮ್ರದ ತಂತಿ ತುರುಕಿದರು. "ಈಗ ಹೆಂಗ ಸುಡ್ತೈತಿ, ನೋಡೇಬಿಡ್ತೀನಿ!"

ಡಿಕ್ಕಿ ಬಾಗಿಲಿನ ಕೀಲಿನ ಹತ್ತಿರ ಸಿಪ್ಪೆ ಸವೆದ ವೈರು ಕಂಡಿತು. ಹಿಡಿದೆಳೆಯಲು ಸಂದಿಗೆ ಬೆರಳು ತೂರಿಸಿದೆ; ಮದುವೆಯ ಉಂಗುರ ವೈರಿಗೂ ತಗಡಿಗೂ ನಡುವೆ ಸಿಕ್ಕಿಹಾಕಿಕೊಂಡಿತು. ರೂಢಿಯಂತೆ ತೆಲುಗಿನಲ್ಲೇ "ವದ್ದು ಬಾಬಾಯ್, ವದ್ದು!" ಎಂದು ಕೂಗಿದೆ. ಬೇಡ, ಬೇಡ ಅಂತ. ತಾವೇ ಹೇಳಿಕೊಟ್ಟ ಕನ್ನಡದ ಮಾತಿಗೆ ಕಿವಿಗೊಟ್ಟು, ಬ್ರೇಕಿನ ಮೇಲೆ ಕಾಲಿಟ್ಟು ಕೂತಿದ್ದ ಅವರಿಗೆ ಕೇಳಿಸಿದ್ದು 'ಒತ್ತು'. ಒತ್ತಿದರು.

ಚಟಾರೆಂದು ಕಿಡಿ ಹಾರಿತು. ಉಂಗುರ ಕೆಂಡವಾಯಿತು. ವದ್ದು, ವದ್ದು ಎಂದು ನಾನು ಕಿರುಚಿದಷ್ಟೂ ಅವರು ಇನ್ನೂ ಬಲವಾಗಿ ತುಳಿದರು. "ಒತ್ತೀನಿ ತಂಗೀ! ಹತ್ತೈತೇನು?" ಅಂತ ಕೇಳುತ್ತಲೇ ಇದ್ದರು... ಡ್ಯಾಶ್‌ಬೋರ್ಡಿನಿಂದ ಹೊಗೆ ಎದ್ದ ಮೇಲೆಯೇ ಕಾಲು ತೆಗೆದದ್ದು.

ಓಡಿ ಬಂದು ನೋಡಿದರು. ಕಟಿಂಗ್ ಪ್ಲೇಯರಿನಿಂದ ಉಂಗುರ ಕತ್ತರಿಸಿದರು. ಅದರ ಜೊತೆ ಚರ್ಮವೂ ಕಿತ್ತು ಬಂತು. ಆಮೇಲೆ ಅದೇ ಜಾಕಿಯ ರಾಡಿನಿಂದ ಕಾರಿನ ದೀಪಗಳನ್ನು ಚಚ್ಚಿದರು, ಗಾಜು ಚಚ್ಚಿದರು, ಕೊನೆಗೆ ಬ್ರೇಕ್ ತುಳಿದ ತಮ್ಮ ಬಲಗಾಲನ್ನೇ. ಮೂಳೆ ಮುರಿದ ಸದ್ದು ನನ್ನ ನೋವಿನ ನಡುವೆಯೂ ಕೇಳಿತು.

ನನ್ನ ಬೆರಳನ್ನು ಡಾಕ್ಟರು ತೆಗೆದುಹಾಕಿದರು. ಪ್ಲಾಸ್ಟರ್ ಹಾಕಿದ ಕಾಲಲ್ಲಿ ಕುಂಟುತ್ತಾ ನೋಡಲು ಬಂದ ಬಾಬಾಯಿ ಬಾಗಿಲಲ್ಲೇ ನಿಂತು, "ಎಲಾ ಉನ್ನಾರು ಮೇಡಂಗಾರು?" ಅಂದರು. ಹೇಗಿದ್ದೀರಿ ಮೇಡಂ, ಅಂತ! ಅಂದಿನಿಂದ ಒಂದು ಕನ್ನಡದ ಮಾತಿಲ್ಲ. ಬೈದೆ, ಜಗಳವಾಡಿದೆ, "ಒಂದ್ಸಲ ತಂಗಿ ಅನ್ನಿ ಬಾಬಾಯ್" ಎಂದು ಅತ್ತೆ. ತಲೆ ತಗ್ಗಿಸಿ ಹೊರಟುಹೋದರು. ಬೆರಳಿಲ್ಲದೆ ಬದುಕುವುದು ರೂಢಿಯಾಯಿತು, ಆ ಕರೆಯಿಲ್ಲದೆ ಆಗಲಿಲ್ಲ. ನನಗೆ ಇಲ್ಲಿಗೆ, ವಿಶಾಖಪಟ್ಟಣಕ್ಕೆ, ವರ್ಗವಾಯಿತು. ಕಳೆದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು...

"ನೊಕ್ಕಂಡಿ ಮೇಡಂ!" ಕಾರಿನ ಹಿಂದೆ ನಿಂತ ಎಲೆಕ್ಟ್ರಿಷಿಯನ್ ಕೂಗಿದ. ಒತ್ತಿ, ಅಂತ. ಸ್ಟೀರಿಂಗ್ ಮುಂದೆ ಕೂತಿದ್ದ ನಾನು ಬ್ರೇಕ್ ಒತ್ತಿದೆ. ದೀಪದ ಬೆಳಕಿಗೆ ಹಿಂದಿನ ಗೋಡೆ ಕೆಂಪಾಯಿತು. ಸಾಕು, ಸಾಕು ಎಂದು ಅವನು ಕೈ ಬೀಸಿದ. ನಾನು ಕಾಲು ತೆಗೆಯಲಿಲ್ಲ.

"ಹತ್ಕೊಳ್ತು ಬಾಬಾಯ್" ಎಂದೆ, ಕನ್ನಡದಲ್ಲಿ, ಗಟ್ಟಿಯಾಗಿ.