ಸಣ್ಣ ಮಾಡೋದು ಪಡಾನಾ, ಹೆಣ್ಣನ್ನಾ?

ತಮಿಳು ಸೀಮೆಯ ಅನ್ನೂರಿನ ಬಸ್ ನಿಲ್ದಾಣದಲ್ಲಿ ಮೊದಲ ಟೌನ್ ಬಸ್ಸು ಇನ್ನೂ ಕೆಮ್ಮುತ್ತಾ ನಿಂತಿದೆ. ಎದುರಿನ ಸಾಲಿನಲ್ಲಿ ಟೀ ಅಂಗಡಿ ಬಿಟ್ಟರೆ ತೆರೆದಿರುವುದು ಒಂದೇ ಬಾಗಿಲು, ಅದೂ ಅರ್ಧ. ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ, ಸೆರಗನ್ನು ತಲೆಯ ಮೇಲೆಳೆದು, ಆಚೀಚೆ ನೋಡಿ ಒಬ್ಬ ಹೆಂಗಸು ಒಳಗೆ ನುಸುಳುತ್ತಾಳೆ. ನೋಡಿದವರು ಒಳಗೆ ಕಳ್ಳಭಟ್ಟಿ ಮಾರುತ್ತಾರೆ ಅಂದುಕೊಳ್ಳಬೇಕು. ಬೋರ್ಡು ಮಾತ್ರ ‘ಚೌಡೇಶ್ವರಿ ಬ್ರೌಸಿಂಗ್ ಸೆಂಟರ್, ಕಲರ್ ಪ್ರಿಂಟ್, ಲ್ಯಾಮಿನೇಷನ್’ ಎನ್ನುತ್ತದೆ.

“ಬನ್ನಿಂಗ ಅಕ್ಕಾ, ಕೂತ್ಕೊಳಿಂಗ,” ಎನ್ನುತ್ತಾಳೆ ಕಂಪ್ಯೂಟರಿನ ಮುಂದಿರುವ ಗೋಕಿಲಾ.

ಬಂದ ತಂಗಮಣಿ ಕೂರುವುದಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಪೆನ್ ಡ್ರೈವನ್ನು ತಾಯತದ ಹಾಗೆ ಮುಂದೆ ಚಾಚುತ್ತಾಳೆ. “ನಮ್ ಹುಡುಗಿ ಪಡ ಅದೆ ಅಮ್ಮುಣಿ. ಮಾಪಿಳ್ಳೆ ಮನೆಗೆ ಮೇಲ್‌ನಾಗೆ ಕಳಿಸ್ಬೇಕು. ವಸಿ ಸಣ್ಣ ಮಾಡು.”

“ಸಣ್ಣ ಮಾಡೋದು ಪಡಾನಾ ಅಕ್ಕಾ, ಹೆಣ್ಣನ್ನಾ?”

ಪಡ ಎಂದರೆ ಇಲ್ಲಿ ಫೋಟೋ, ಮಾಪಿಳ್ಳೆ ಎಂದರೆ ಮದುವೆಯ ಗಂಡು. ಈ ಪ್ರಶ್ನೆ ತಮಾಷೆಯದ್ದಲ್ಲ, ಕಸುಬಿನದು. ಚಿಕ್ಕದಾಗುವುದಕ್ಕೂ ತೆಳ್ಳಗಾಗುವುದಕ್ಕೂ ಒಂದೇ ‘ಸಣ್ಣ’ ಇಟ್ಟುಕೊಂಡಿರುವ ಭಾಷೆಯಲ್ಲಿ ಗೋಕಿಲಾ ಕೇಳಿಯೇ ಮುಂದುವರಿಯಬೇಕು. ತಂಗಮಣಿ ಬಾಗಿಲ ಕಡೆ ಇನ್ನೊಮ್ಮೆ ನೋಡಿ ದನಿ ತಗ್ಗಿಸುತ್ತಾಳೆ: “ಎರಡೂನೂ ಮಾಡ್ಬುಡು ಅಮ್ಮುಣಿ.”

ಇಂಥ ಗಿರಾಕಿಗಳು ಬರುವುದು ಬೆಳಗಿನ ಜಾವವೇ. ಆ ಹೊತ್ತಿಗೆ ನೆಟ್ಟು ವೇಗ, ಊರಿನ ನಾಲಿಗೆ ನಿಧಾನ. ಗೋಕಿಲಾಳ ಪರದೆಯ ಮೇಲೆ ಫೋಟೋದ ಉದ್ದ ಅಗಲಗಳನ್ನು ಜೊತೆಗೆ ಕಟ್ಟಿಡುವ ಪುಟ್ಟ ಸರಪಳಿಯ ಗುರುತೊಂದಿದೆ. ಸರಪಳಿ ಇದ್ದರೆ ಫೋಟೋ ಎಷ್ಟು ಕುಗ್ಗಿದರೂ ಮುಖ ಮುಖವೇ. ಬಿಚ್ಚಿದರೆ ಅಗಲ ಮಾತ್ರ ಕುಗ್ಗುತ್ತದೆ. ಅವಳು ಬಿಚ್ಚುತ್ತಾಳೆ. ಆರು ತಿಂಗಳ ಪಥ್ಯ ಅರೆಕ್ಷಣದಲ್ಲಿ ಮುಗಿದು, ತಂಗಮಣಿಯ ಮಗಳು ಕೆನ್ನೆ ಕಳೆದುಕೊಂಡು ನಿಲ್ಲುತ್ತಾಳೆ. ಹಣೆಯ ದುಂಡು ಬೊಟ್ಟು ಮಾತ್ರ ಸೌತೆಬೀಜವಾಗಿ ನಿಮಿರಿರುತ್ತದೆ.

“ಬೊಟ್ಟು ಹಿಡ್ಕೊಟ್ಬುಡ್ತದೆ ಅಕ್ಕಾ. ಅದಕ್ಕೆ ಸುಳ್ಳು ಬರಲ್ಲ,” ಎನ್ನುತ್ತಾ ಗೋಕಿಲಾ ಹಳೆಯ ಬೊಟ್ಟನ್ನು ಅಳಿಸಿ, ಅದರ ಜಾಗದಲ್ಲಿ ಹೊಸದೊಂದನ್ನು ದುಂಡಗೆ ಬರೆಯುತ್ತಾಳೆ. ದುಂಡಗಿರುವ ಬೊಟ್ಟು ಲಕ್ಷಣ, ದುಂಡಗಿರುವ ಹುಡುಗಿ ಅವಲಕ್ಷಣ. ಇದು ದೊಡ್ಡವರು ಹಾಕಿಕೊಟ್ಟ ಲೆಕ್ಕ. ಕಂಪ್ಯೂಟರಿನಲ್ಲಿ ಫೋಟೋದ ತೂಕ ಅಳೆಯಲು ಕೆಬಿ ಇದೆ, ದೊಡ್ಡವರ ಸಣ್ಣತನವನ್ನು ಅಳೆಯುವ ಕೆಬಿ ಇನ್ನೂ ಬಂದಿಲ್ಲ.

ಎಲೆಮರೆಯ ಕಾಯಿ ಅನ್ನಿಸಿಕೊಳ್ಳಲು ಒಂದು ಎಲೆಯಾದರೂ ಬೇಕು. ಇಪ್ಪತ್ತೊಂಬತ್ತರ ಗೋಕಿಲಾಗೆ ಇರುವುದು ಪ್ಲೈವುಡ್ಡಿನ ಮರೆ. ಅದರ ಹಿಂದೆ ಏಳು ವರ್ಷದಿಂದ ಕೂತು ದಿನಕ್ಕೆ ಅರವತ್ತು, ಎಪ್ಪತ್ತು ಫೋಟೋ ಕುಗ್ಗಿಸುತ್ತಾಳೆ. ಕೆಲಸಕ್ಕೆ ಅರ್ಜಿ ಹಾಕುವವರದು, ಮೊದಲ ಹುಟ್ಟುಹಬ್ಬದ ಕೂಸುಗಳದು, ದುಬೈ ಮಾವನಿಗೆ ತೋರಿಸಬೇಕಾದ ಹೊಸ ಮನೆಯದು. ಇದು ಎರಡು ಸಾವಿರದ ಏಳನೇ ಇಸವಿ. ಮದುವೆ ದಲ್ಲಾಳಿಗಳೂ ಈಗ ಇಮೇಲ್ ಐಡಿ ಇಟ್ಟುಕೊಂಡಿದ್ದಾರೆ.

“ಮೇಲ್‌ನಾಗೆ ಹೋಗೋದು ಹಗುರ ಇರ್ಬೇಕು, ಇಲ್ದಿದ್ರೆ ಅರ್ಧ ದಾರೀಲಿ ಕೂತ್ಬುಡ್ತದೆ. ಪ್ರಿಂಟ್ ಹಾಕೋದು ತೂಕ ಇರ್ಬೇಕು. ಕಂಪ್ಯೂಟರ್‌ನಾಗೆ ಸುಮ್ನೆ ನೋಡಕ್ಕೆ ನಡುವಿಂದು ಸಾಕು. ಒಂದು ಪಡಾನ ಮೂರಾಗಿ ಮಾಡ್ತೀನಿ, ಒರಿಜಿನಲ್ ಮುಟ್ಟಲ್ಲ,” ಎಂದು ಅವಳು ಬೇಳೆ ಆರಿಸುವಷ್ಟು ಸಲೀಸಾಗಿ ಹೇಳುತ್ತಾಳೆ. ಕುಗ್ಗಿಸಿಕೊಟ್ಟರೆ ಜನ ಹಿಗ್ಗುತ್ತಾರೆ. ಹಿಗ್ಗಿಸಿಕೊಡು ಎಂದಾಗಲೇ ಜಗಳ. ಸೆಲ್‌ಫೋನಿನಲ್ಲಿ ತೆಗೆದ ಹೆಬ್ಬೆಟ್ಟಿನಷ್ಟು ಚಿತ್ರ ತಂದು ಗೋಡೆಗೆ ಹಾಕುವಷ್ಟು ದೊಡ್ಡದು ಕೇಳುತ್ತಾರೆ. “ಒಂದು ಸೌಟು ಹಿಟ್ಟು ತಂದು ಕಲ್ಲು ತುಂಬ ದೋಸೆ ಹುಯ್ಯಿ ಅಂದ್ರೆ? ಎಳದಷ್ಟೂ ತೂತೇ. ಹೇಳಿದ್ರೆ, ಆ ಇನ್ನೊಂದ್ ಸೆಂಟರ್‌ನಾಗೆ ಮಾಡ್ಕೊಡ್ತಾರೆ ಅಂತ ಎದ್ದೋಗ್ತಾರೆ. ಹೋಗ್ಲಿ, ತೂತು ತಿನ್ಲಿ.”

ಅಪ್ಪ ಚೆನ್ನಕೇಶವನ್ ಕೈಮಗ್ಗದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮಗ್ಗ ಮಾರಿ, ಅದರ ಗುಂಡಿ ಮುಚ್ಚಿದ ಜಾಗದಲ್ಲಿ ಈಗ ಟೀವಿ ಕೂತಿದೆ. ಟೀವಿಯ ಮುಂದೆ ಅಪ್ಪ ಕೂತಿದ್ದಾರೆ. ಮಗಳ ಕಸುಬನ್ನು ಅವರು ಒಪ್ಪಿಕೊಂಡದ್ದು ಅರ್ಧ ಮಾತ್ರ.

“ಸೀರೆ ಪನ್ನ ನಾಕು ಬೆಟ್ಟು ಕಮ್ಮಿ ಆದ್ರೆ ನಮ್ ಯಜಮಾನ್ರು ಮಕದ್ಮೇಲೆ ಎಸೀತಿದ್ರು,” ಎನ್ನುತ್ತಾರೆ. ಪನ್ನ ಅಂದರೆ ಬಟ್ಟೆಯ ಅಗಲ. “ಇವ್ಳು ಹೆಣ್ಮಕ್ಕಳ ಪನ್ನಾನೇ ಕಮ್ಮಿ ಮಾಡ್ತಾಳೆ. ಮೇಲೆ ಕಾಸೂ ಕೊಡ್ತಾರೆ!”

“ನೀವ್ ಸುಮ್ಕಿರಿಂಗ,” ಅಮ್ಮ ಅಂಗಮ್ಮ ಒಳಗಿನಿಂದಲೇ ಕೂಗುತ್ತಾರೆ. “ಊರಿನ ಹೆಣ್ಗಳಿಗೆಲ್ಲಾ ಮಾಡ್ಕೊಡ್ತಾಳೆ. ತನಗೆ ಮಾಡ್ಕೊಳಲ್ಲ. ಅದು ನನ್ ಕರ್ಮ.”

ಅಂಗಮ್ಮನ ಕರ್ಮಕ್ಕೊಂದು ಕಥೆಯಿದೆ. ಹೋದ ವರ್ಷ ಅವರ ಕಾಟಕ್ಕೆ ಸೋತು ಗೋಕಿಲಾ ತನ್ನ ಫೋಟೋದ ಸರಪಳಿಯನ್ನೂ ಒಮ್ಮೆ ಬಿಚ್ಚಿದ್ದಳು. ಕಾರಮಡೈ ಕಡೆಯ ಗಂಡಿನವರು ಫೋಟೋ ಮೆಚ್ಚಿ, ಪ್ರಿಂಟನ್ನು ಕೈಯಲ್ಲೇ ಹಿಡಿದು ಮನೆಗೆ ಬಂದರು. ಕಾಫಿ ತಟ್ಟೆ ಹಿಡಿದು ಹೊರಬಂದವಳನ್ನು ನೋಡಿ ಗಂಡಿನ ತಾಯಿ ಬಲು ಪ್ರೀತಿಯಿಂದ, “ಅಕ್ಕನ ಕೈಲಿ ಯಾಕೆ ಕಾಫಿ ಕಳಿಸ್ತೀರಿಂಗ? ಹುಡುಗೀನ ಕರೀರಿ,” ಎಂದರು. ಯಾರೂ ನಗಲಿಲ್ಲ. ಬಂದವರು ಬಜ್ಜಿ ಮುಗಿಸಿಯೇ ಹೋದರು.

“ನನ್ ತಂಗಿ ಅಂತ ನಾನೇ ಆಗೋದೆ,” ಎನ್ನುತ್ತಾಳೆ ಗೋಕಿಲಾ. “ಇಲ್ದೇ ಇರೋ ತಂಗಿ. ಆ ತಂಗಿನ ಎಲ್ಲಾರೂ ಒಪ್ಪಿದ್ರು.”

ಅಂದಿನಿಂದ ತನ್ನ ಫೋಟೋದ ಸರಪಳಿಯನ್ನು ಅವಳು ಬಿಚ್ಚಿಲ್ಲ. ಬಿಚ್ಚದೆ ಕಳಿಸಿದ ಫೋಟೋಗೆ ಒಬ್ಬನಾದರೂ ಹ್ಞೂಂ ಅನ್ನಬೇಕು, ಅಷ್ಟೇ ಹಟ. ಅಮ್ಮನ ಕಣ್ಣಿಗೆ ಮಾತ್ರ ಆ ಹಟದಲ್ಲಿ ಮಗಳ ವಯಸ್ಸು ಏರುವುದಷ್ಟೇ ಕಾಣುತ್ತದೆ.

ಹೋದ ತಿಂಗಳು ಪೀಳಮೇಡಿನಿಂದ ಒಂದು ಸಂಬಂಧ ಬಂದಿದೆ. ಜಾತಕ ಕೂಡಿದೆ. ಹುಡುಗ ಒಂದು ಐಟಿ ಆಫೀಸಿನಲ್ಲಿ ಲೆಕ್ಕ ನೋಡಿಕೊಳ್ಳುವವನು. ಅವನ ಫೋಟೋ ಮೊದಲು ಬಂತು, ಗೋಕಿಲಾಳ ಕಂಪ್ಯೂಟರಿಗೇ. ಹುಡುಗ ಎತ್ತರವಾಗಿದ್ದಾನೆ. ಅವನ ಹಿಂದಿನ ಗೋಡೆ ಗಡಿಯಾರ ಅವನಿಗಿಂತ ಎತ್ತರವಾಗುವ ಆಸೆಯಿಂದ ಕೋಳಿಮೊಟ್ಟೆಯ ಹಾಗೆ ನಿಂತುಕೊಂಡಿದೆ.

ಗೋಕಿಲಾ ಅದನ್ನು ನೋಡಿದಳು. ನೋಡಿ ಯಾರಿಗೂ ಹೇಳಲಿಲ್ಲ. “ಅಲ್ಲೂ ಯಾವ್ದೋ ಸೆಂಟರ್‌ನಾಗೆ ನನ್ನಂಗೇ ಒಬ್ಳು ಕೂತವ್ಳೆ. ಉದ್ದ ಮಾಡ್ಕೊಟ್ಟವ್ಳೆ, ಗಡಿಯಾರ ಸರಿ ಮಾಡಕ್ಕೆ ಪಾಪ ನೇರ ಸಿಕ್ಕಿಲ್ಲ,” ಎನ್ನುತ್ತಾಳೆ. ನೇರ ಅಂದರೆ ಹೊತ್ತು. “ಅವ್ನಿಗೂ ಯಾರೋ ಕುಳ್ಳ ಅಂದಿರ್ಬೇಕಲ್ಲಾ. ನಂಗೆ ಅದು ಪರವಾಗಿಲ್ಲ ಅನ್ನಿಸ್ತು.”

ಅವಳು ತನ್ನ ಫೋಟೋ ಕಳಿಸಿದಳು. ಸರಪಳಿ ಬಿಗಿದು, ಅಳತೆ ಸರಿಯಾಗಿ ಇಳಿಸಿ, ಅರವತ್ತು ಕೆಬಿ. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಳ್ಳುವ ಫೋಟೋ. ಒಂದು ವಾರಕ್ಕೆ ಉತ್ತರ ಬಂತು. ಅವರೂ ಮನೆಯಲ್ಲಿ ಕನ್ನಡದವರೇ, ಆದರೆ ಬರೆಯುವುದು ತಮಿಳು, ಅದೂ ಇಂಗ್ಲಿಷ್ ಅಕ್ಷರದಲ್ಲಿ. ‘ಪೋಟೋ ರೊಂಬ ಪೆರಿಸಾ ಇರುಕ್ಕು. ಚಿನ್ನದಾ ಅನುಪ್ಪುಂಗ.’ ಫೋಟೋ ತುಂಬಾ ದೊಡ್ಡದಾಗಿದೆ, ಚಿಕ್ಕದು ಕಳಿಸಿ.

ಗೋಕಿಲಾ ಅದನ್ನು ಮನೆಯಲ್ಲಿ ಓದಿ ಹೇಳಿದಾಗ ಚೆನ್ನಕೇಶವನ್ ಟೀವಿಯ ದನಿ ತಗ್ಗಿಸಿದರು. “ಚಿನ್ನದಾ? ಸಣ್ಣದ್ ಕೇಳ್ತಾರೋ, ಚಿನ್ನದ್ದೇ ಕೇಳ್ತಾರೋ? ಸರಿಯಾಗಿ ಓದು ಅಮ್ಮುಣಿ.”

“ಎರಡೂ ಒಂದೇ ಅಪ್ಪಾ,” ಎಂದಳು ಮಗಳು. “ಒಂದು ಕಮ್ಮಿ ಆದ್ರೆ ಇನ್ನೊಂದು ಜಾಸ್ತಿ ಕೇಳ್ತಾರೆ.”

ಅಂಗಮ್ಮ ನಗಲಿಲ್ಲ. ಅವರಿಗೆ ಕೆಬಿ ಗೊತ್ತಿಲ್ಲ, ಉತ್ತರ ಬಂದಿರುವುದು ಗೊತ್ತು. “ಅವ್ರೇ ಬಾಯ್ಬಿಟ್ಟು ಕೇಳವ್ರೆ, ಸಣ್ಣ ಮಾಡಿ ಕಳ್ಸು ಅಂತ. ಇನ್ನೇನ್ ಬೇಕು? ಒಂದ್ಸಲ ಮಾಡು ಸಾಮಿ. ತಾಳಿ ಬಿದ್ಮೇಲೆ ಯಾರು ಅಳೀತಾರೆ?”

“ಅರವತ್ತು ಕೆಬಿ ಅವ್ವಾ. ಅದು ದೊಡ್ಡದಾ?” ಅಷ್ಟೇ ಕೇಳಿದಳು ಗೋಕಿಲಾ. ಅಮ್ಮನಿಗೆ ಅರ್ಥವಾಗಲಿಲ್ಲ. ಅಪ್ಪನಿಗೆ ಆಗಿರಬೇಕು. ಅವರು ಟೀವಿ ಆರಿಸಿ, ಮಗ್ಗದ ಗುಂಡಿ ಇದ್ದ ನೆಲವನ್ನೇ ನೋಡುತ್ತಾ, “ಪನ್ನ ಕಮ್ಮಿ ಮಾಡ್ಬೇಡ,” ಎಂದರು.

ಈಗ, ತಂಗಮಣಿ ಹಿಗ್ಗಿಕೊಂಡು ಶಟರಿನ ಕೆಳಗೆ ಬಗ್ಗಿ ಹೋದ ಮೇಲೆ, ಗೋಕಿಲಾ ಆ ಮೇಲನ್ನು ಮತ್ತೆ ತೆರೆಯುತ್ತಾಳೆ. ‘ನಿಮ್ಮ ಮನೆ ಗಡಿಯಾರ ದುಂಡಗಾದ ಮೇಲೆ ತಿಳಿಸಿ’ ಎಂದು ತಮಿಳಿನಲ್ಲೇ ಟೈಪ್ ಮಾಡುತ್ತಾಳೆ. ಓದುತ್ತಾಳೆ. ಚೆನ್ನಾಗಿದೆ. ಅಳಿಸುತ್ತಾಳೆ. “ಉದ್ದ ಮಾಡ್ಸಿದ್ದು ಅವ್ರಮ್ಮ ಇರ್ಬೋದು. ಅವ್ನು ಪಾಪ ನಿಂತಿದ್ದ ಅಷ್ಟೇ.” ಆಮೇಲೆ ಅದೇ ಫೋಟೋವನ್ನು, ಅದೇ ಅಗಲದಲ್ಲಿ, ಅದೇ ಅರವತ್ತು ಕೆಬಿಯಲ್ಲಿ ಇನ್ನೊಮ್ಮೆ ಲಗತ್ತಿಸಿ, ಕೆಳಗೆ ಒಂದೇ ಸಾಲು ಬರೆಯುತ್ತಾಳೆ: ‘ಸೈಸು ಸರಿಯಾಗಿದೆ.’ ಕಳಿಸುತ್ತಾಳೆ.

ಉತ್ತರ ಬರುವುದಿಲ್ಲವೆಂದು ಅವಳಿಗೆ ಗೊತ್ತು. ಮಧ್ಯಾಹ್ನ ಬರುವುದಿಲ್ಲ. ಮರುದಿನವೂ ಬರುವುದಿಲ್ಲ. ಮೂರನೆಯ ದಿನ ಅಂಗಮ್ಮ ಕೇಳುವುದನ್ನು ಬಿಡುತ್ತಾರೆ. ಆ ಬೆಳಗಿನ ಜಾವವೂ ಶಟರು ಅರ್ಧ ಏಳುತ್ತದೆ. ಇನ್ನೊಬ್ಬ ತಾಯಿ ಬಗ್ಗಿ ಒಳಬರುತ್ತಾಳೆ. ಗೋಕಿಲಾ ಪ್ರಶ್ನೆ ಕೇಳುತ್ತಾಳೆ, ಸರಪಳಿ ಬಿಚ್ಚುತ್ತಾಳೆ, ಬೊಟ್ಟು ಬರೆಯುತ್ತಾಳೆ.

ಈ ಬರಹವನ್ನು ಅವಳು ಓದಲಾರಳು. ಕನ್ನಡ ಮಾತು ಮನೆಯದು, ಅಕ್ಷರ ಇಸ್ಕೂಲಿನದು, ಇಸ್ಕೂಲು ತಮಿಳಿನದು. ಪೇಪರಿನಲ್ಲಿ ಈ ಬರಹದ ಜೊತೆ ಹಾಕಲು ಒಂದು ಫೋಟೋ ಬೇಕೆಂದು ನಾನು ಕೇಳಿದಾಗ ಬೇರೆ ತೆಗೆಸುವುದಿಲ್ಲ. ಪೀಳಮೇಡಿಗೆ ಎರಡು ಸಲ ಹೋಗಿ ಒಂದು ಸಲವೂ ಒಪ್ಪಿಗೆ ತಾರದ ಅದೇ ಫೋಟೋವನ್ನು, ಪ್ರಿಂಟಿಗೆಂದು ತೂಕದ ಅಳತೆಯಲ್ಲಿ ಸಿ.ಡಿ.ಗೆ ಹಾಕಿಕೊಡುತ್ತಾಳೆ. ಕೊಟ್ಟು, ಕೈ ಬಿಡುವ ಮೊದಲು ಒಂದು ಮಾತು ಹೇಳುತ್ತಾಳೆ.

“ನಿಮ್ ಪೇಪರ್‌ನಾಗೆ ಜಾಗ ಸಾಲ್ದೆ ಇದ್ರೆ ಸಣ್ಣ ಮಾಡ್ಕೊಳಿಂಗ, ಪರವಾಗಿಲ್ಲ. ಎಷ್ಟು ಬೇಕಾದ್ರೂ ಸಣ್ಣ ಮಾಡ್ಕೊಳಿಂಗ. ಬೊಟ್ಟು ಮಾತ್ರ ದುಂಡಗಿರ್ಲಿ. ನಾನು ಓದಲ್ಲ, ಅದನ್ನೇ ನೋಡ್ತೀನಿ.”